ಮುಟ್ಬೇಡ ಪುಟ್ಟಾ, ಗಿಫ್ಟ್ ಅದು!

ಮಕ್ಕಳಿಗೆ ಗಿಫ್ಟ್ ಅಂದ ತಕ್ಷಣ ನಮ್ಮ ಕಡೆ ಇರೋದು ಎರಡೇ ದಾರಿ. ಒಂದು, ಕವರ್‌ಗೆ ದುಡ್ಡು ಹಾಕಿ ಮೇಲೊಂದು ರೂಪಾಯಿ ಸೇರಿಸಿ ಕೊಡೋದು, ಇನ್ನೊಂದು, ಯಾರೋ ನಮ್ಮ ಗೃಹಪ್ರವೇಶಕ್ಕೆ ಕೊಟ್ಟ ಗೋಡೆ ಗಡಿಯಾರಕ್ಕೆ ಹೊಸ ಪೇಪರ್ ಸುತ್ತಿ ಮುಂದಕ್ಕೆ ದಾಟಿಸೋದು. ನಾನು ಹಾಗಲ್ಲ. ಕೈಯಲ್ಲಿ ಮಾಡಿದ್ದು, ಬಣ್ಣ ಬಳಿದಿದ್ದು, ಚಿತ್ರ ಇರೋದು, ಇಂಥದ್ದನ್ನೇ ಹುಡುಕಿ ತಂದು ಕೊಡೋ ಜಾತಿ. ಹುಡುಕೋದೇನೂ ಕಷ್ಟ ಇಲ್ಲ ಬಿಡಿ, ಅದು ಮಕ್ಕಳ ಕೈಗೆ ಸಿಗೋದೇ ಕಷ್ಟ, ಮಧ್ಯದಲ್ಲಿ ದೊಡ್ಡೋರು ಕೂತಿರ್ತಾರೆ.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆ ಬಂದ್ ಮಾಡಿ ಚಿತ್ರಕಲಾ ಪರಿಷತ್‌ನವರು ಚಿತ್ರಸಂತೆ ಮಾಡ್ತಾರಲ್ಲ, ಅಲ್ಲಿಗೆ ಮೈಸೂರಿಂದ ಅಕ್ಕನ ಮನೆಯವರೆಲ್ಲ ಬಂದಿದ್ರು. ಫುಟ್‌ಪಾತ್ ಮೇಲೆ ಸ್ಟೂಲ್ ಹಾಕ್ಕೊಂಡು ಕೂತ ಹುಡುಗ ನೋಡ್ತಾ ನೋಡ್ತಾನೇ ಪೆನ್ಸಿಲಲ್ಲಿ ಮುಖ ಬಿಡಿಸಿಕೊಡ್ತಿದ್ದ, ಸರಿ ಅಕ್ಕನ ಮಕ್ಕಳಿಬ್ಬರದ್ದೂ ಬರೆಸೋಣ ಅಂತ ಕೂರಿಸಿದೆ. ಚಿಕ್ಕದು ಅಳೋಕೆ ಶುರು ಮಾಡ್ತು ಅಂತ ಅಕ್ಕನ ಅತ್ತೆ ಪಕ್ಕದಲ್ಲಿ ಕೂತ್ರು. ಆಮೇಲೆ ನಡೆದಿದ್ದೆಲ್ಲ ಅವರದ್ದೇ. "ಮೂಗುಬೊಟ್ಟು ಎಲ್ಲಪ್ಪಾ?" ಅಂದ್ರು, ಇಟ್ಟ. "ಅವಲಕ್ಕಿ ಸರ ಹಾಕ್ಕೊಂಡು ಬಂದಿಲ್ಲ, ಆದ್ರೂ ಬರ್ದುಬಿಡು" ಅಂದ್ರು, ಬರೆದ. ಕೊನೆಗೆ ಕೈಗೆ ಬಂದ ಚಿತ್ರದಲ್ಲಿ ಅತ್ತೆಯವರು ಸರ್ವಾಲಂಕಾರ ಭೂಷಿತೆಯಾಗಿ ನಡುವೆ ಕೂತಿದ್ದಾರೆ, ಆ ಕಡೆ ಈ ಕಡೆ ಎರಡು ಸಣ್ಣ ತಲೆ, ದ್ವಾರಪಾಲಕರ ಹಾಗೆ. ಅದಕ್ಕೀಗ ಫ್ರೇಮ್ ಹಾಕಿ ಅವರ ರೂಮಲ್ಲಿ ನೇತುಹಾಕಿದ್ದಾರೆ.

ಚಿಕ್ಕವಳ ಬರ್ತ್‌ಡೇಗೆ ಚನ್ನಪಟ್ಟಣದ ಬೊಂಬೆ ಅಂತ ಡಿಸೈಡ್ ಮಾಡಿದೆ. ಮೊದಲಾದ್ರೆ ಮೈಸೂರಿಗೆ ಹೋಗೋ ದಾರೀಲೇ ಅಂಗಡಿಗಳು ಸಿಗ್ತಿದ್ವು, 2023ರಲ್ಲಿ ಹೊಸ ಹೈವೇ ಆದ್ಮೇಲೆ ಬೈಪಾಸ್ ಹತ್ತಿದ್ರೆ ಚನ್ನಪಟ್ಟಣ ಯಾವಾಗ ಬಂತು ಯಾವಾಗ ಹೋಯ್ತು ಅಂತ್ಲೇ ಗೊತ್ತಾಗಲ್ಲ. ನಮ್ಮನೆಯವರಿಗೆ ಗೊತ್ತಾಗಲಿಲ್ಲ. "ಇಲ್ಲೇ ಇಳೀಬೇಕಿತ್ತು ಕಣ್ರೀ" ಅಂದ್ರೆ "ಇಳಿಯೋದಕ್ಕೇನು ಏರೋಪ್ಲೇನಾ ಇದು" ಅಂತ ಮುಂದೆ ಹೋಗಿ ತಿರುಗಿಸ್ಕೊಂಡು ಬಂದ್ರು, ಪೂರ್ತಿ ದಾರಿ ಜಗಳ.

ಆದ್ರೆ ಅಲ್ಲಿ ಆ ಕೆಲಸ ನೋಡಿದ್ಮೇಲೆ ಜಗಳ ಮರೆತೇಹೋಯ್ತು. ಆಲೆ ಮರದ ತುಂಡನ್ನ ಮಿಷನ್ನಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸ್ತಾರೆ, ಉಳಿ ಹಿಡಿದ್ರೆ ಅದೇ ಸೊಂಟ, ಅದೇ ಕತ್ತು ಅಂತ ಬೊಂಬೆ ಹುಟ್ಟುತ್ತೆ. ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟ್ಕೊಳ್ಳುತ್ತೆ, ಬ್ರಷ್ಷೂ ಇಲ್ಲ ಗಿಷ್ಷೂ ಇಲ್ಲ. ಕೊನೆಗೊಂದು ಒಣಗಿದ ಗರಿ ಹಿಡಿದು ಉಜ್ಜಿದ್ರು ನೋಡಿ, ಥಳಥಳ. "ಮಗು ಬಾಯಿಗಿಟ್ಕೊಂಡ್ರೂ ಏನಾಗಲ್ಲ ಮೇಡಂ, ಎಸೆದ್ರೂ ಏನಾಗಲ್ಲ" ಅಂದ್ರು. ನಾನು ಇದೇ ಮಾತನ್ನ ಅಕ್ಕನ ಮನೇಲಿ ಎಲ್ಲರ ಮುಂದೆ ಹೇಳಿ ಕೊಟ್ಟೆ. ಮಗು ಬೊಂಬೆನ ಬಾಯಿ ಹತ್ರ ತಗೊಂಡು ಹೋಗ್ತಿದ್ದ ಹಾಗೇ ಅತ್ತೆ ಕಿತ್ಕೊಂಡ್ರು. "ಅಯ್ಯೋ ಎಷ್ಟು ಲಕ್ಷಣವಾಗಿದೆ, ದಸರಾ ಗೊಂಬೆ ಜೊತೆ ಕೂರಿಸೋಣ!" ಪಟ್ಟದ ಗೊಂಬೆಗಳ ಡಬ್ಬ ಸೇರಿ ಅಟ್ಟ ಹತ್ತಿತು. ಈಗ ನವರಾತ್ರಿಯಲ್ಲಿ ಮಾತ್ರ ದರ್ಶನ, ಅದೂ ದೂರದಿಂದ. ಮಗು ಚಪಾತಿ ಲಟ್ಟಣಿಗೆ ಜೊತೆ ಆಡ್ಕೊಂಡಿದೆ.

ಇಷ್ಟಾದ್ರೂ ಬುದ್ಧಿ ಬರಬೇಕಲ್ಲ, ದೊಡ್ಡವನ ಮುಂಜಿಗೆ ಗಂಜೀಫಾ ಕೊಟ್ಟೆ, ಅದೇ ಹಳೇ ಕಾಲದ ಕಾರ್ಡ್ ಆಟ. ದುಂಡಗಿನ ಎಲೆಗಳು, ಒಂದೊಂದರ ಮೇಲೂ ಚಿತ್ರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದರ ಹುಚ್ಚು ಎಷ್ಟಿತ್ತು ಅಂದ್ರೆ ತಾವೇ ಹೊಸ ಹೊಸ ಆಟ ಕಟ್ಟಿದ್ರು, ಕೆಲವಕ್ಕೆ 300ಕ್ಕೂ ಜಾಸ್ತಿ ಎಲೆ ಬೇಕಂತೆ. ನಾನು ತಂದಿದ್ದು ದಶಾವತಾರದ್ದು, ಹತ್ತು ಅವತಾರ, ಒಂದೊಂದಕ್ಕೂ ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು, ಒಟ್ಟು 120 ಎಲೆ. ಕೈಯಲ್ಲಿ ಬರೆದ ಸೆಟ್ ನಮ್ಮ ಸಂಬಳಕ್ಕಲ್ಲ, ಪ್ರಿಂಟ್ ಮಾಡಿದ್ದು.

ಅಕ್ಕನ ಮಾವ ಡಬ್ಬ ತೆಗೆದು ನೋಡಿದವರೇ, "ಏನಮ್ಮಾ ಇದು, ಮುಂಜಿ ಮನೇಲಿ ವಟುವಿಗೆ ಇಸ್ಪೀಟಾ?" ಅಂದ್ರು. ಪುರೋಹಿತರೂ ಮಂತ್ರ ನಿಲ್ಲಿಸಿ ನನ್ನ ಕಡೆ ನೋಡಿದ್ರು. ಅಷ್ಟರಲ್ಲಿ ಅತ್ತೆ ಮೇಲಿನ ಎಲೆ ತಿರುಗಿಸಿದ್ರು, ನರಸಿಂಹ! ಕಣ್ಣಿಗೊತ್ಕೊಂಡು ಸೀದಾ ದೇವರ ಮನೆಗೆ. ಮುಂದಿನ ಸಲ ಹೋದಾಗ ನೋಡ್ತೀನಿ, ಹತ್ತೂ ರಾಜರ ಎಲೆಗಳನ್ನ ಸಾಲಾಗಿ ಒರಗಿಸಿದ್ದಾರೆ, ಎಲ್ಲರ ಹಣೆಗೂ ಕುಂಕುಮ, ವರಾಹನ ಮೂತಿ ಮೇಲೆ ಅರಿಶಿನ. ನಾನೇ ತಂದಿದ್ದು ಅಂತ ತೀರ್ಥ ಬೇರೆ ಕೊಟ್ರು.

ಅಲ್ಲಿಂದ ಬಿಡಿಸಿಕೊಂಡು ಬಂದಿದ್ದು ಯಾರು ಅಂದ್ರೆ ಅದೇ ಮಾವ. ಡಬ್ಬದೊಳಗಿನ ನಿಯಮದ ಚೀಟಿ ಓದಿದ್ದಾರೆ, ಹಗಲಲ್ಲಿ ಆಡಿದ್ರೆ ರಾಮನ ರಾಜ ಎಲೆ ಇರೋರು ಶುರು ಮಾಡಬೇಕು, ರಾತ್ರಿ ಆದ್ರೆ ಕೃಷ್ಣನದು. ಇದರಲ್ಲೇನೋ ಮಜಾ ಇದೆ ಅಂತ ವಾಕಿಂಗ್ ಗೆಳೆಯರನ್ನ ಕರ್ಕೊಂಡು ಬಂದು ವರಾಂಡದಲ್ಲಿ ಕೂತೇಬಿಟ್ರು. ಸಂಜೆ ಆರೂವರೆಗೆ ಎಲೆ ಹಂಚಿದ್ರೆ ಅದು ಹಗಲೋ ರಾತ್ರಿಯೋ ಅಂತ ಜಗಳ. ಒಬ್ಬರು ಬೀದಿ ದೀಪ ಹತ್ತಿದೆ, ರಾತ್ರಿ ಅಂದ್ರು. ಕಾರ್ಪೊರೇಷನ್ನೋರು ಲೈಟ್ ಹಾಕಿದ್ರೆ ರಾತ್ರಿ ಆಗುತ್ತೇನ್ರೀ ಅಂತ ಮಾವ ಒಳಗೆ ಹೋಗಿ ಪಂಚಾಂಗ ತಂದು ಸೂರ್ಯಾಸ್ತ ತೆಗೆದ್ರು, ಆ ಪುಟ ಹುಡುಕಿ ಕನ್ನಡಕ ಒರೆಸಿ ಓದೋ ಹೊತ್ತಿಗೆ ಸೂರ್ಯ ನಿಜವಾಗ್ಲೂ ಮುಳುಗಿದ್ದ, ಕೃಷ್ಣ ಇದ್ದವರು ಗೆದ್ದೆವು ಅಂತ ಕೂಗಿದ್ರು, ಇನ್ನೂ ಒಂದೂ ಎಲೆ ಬಿದ್ದಿರಲಿಲ್ಲ!

ಪುಟ್ಟ ಬಂದು ನನಗೂ ಹಂಚಿ ಅಂದ. "ಮುಂಜಿ ಆದ ಹುಡುಗ ಇದನ್ನೆಲ್ಲ ಮುಟ್ಬಾರ್ದು ಕಣೋ, ಹೋಗಿ ಸಂಧ್ಯಾವಂದನೆ ಮಾಡು" ಅಂದ್ರಂತೆ ಮಾವ, ಕಣ್ಣು ಎಲೆ ಮೇಲೇ. ಅವನೇನು ಕಮ್ಮಿನಾ, ಮಾರನೇ ದಿನ ಡಬ್ಬ ಸ್ಕೂಲ್ ಬ್ಯಾಗಲ್ಲಿ ಹಾಕ್ಕೊಂಡು ಹೋಗಿದ್ದಾನೆ. ಸೆಟ್ ನನ್ನ ಗಿಫ್ಟು, ಆಡಬೇಕಂದ್ರೆ ದಿನಕ್ಕೆ ಇಪ್ಪತ್ತು ರೂಪಾಯಿ ಬಾಡಿಗೆ, ಪೆನ್ಷನ್ ಬರೋರಿಗೆ ಡಿಸ್ಕೌಂಟ್ ಇಲ್ಲ ಅಂತಾನೆ.

ನಿನ್ನೆ ಮಾವನೇ ನನಗೆ ಫೋನ್ ಮಾಡಿದ್ರು. "ಅಲ್ಲಮ್ಮಾ, ಅಷ್ಟು ಚೆನ್ನಾಗಿರೋ ಸಾಮಾನನ್ನ ಹೋಗಿ ಹೋಗಿ ಮಕ್ಕಳಿಗೆ ಯಾಕಮ್ಮ ಕೊಟ್ಟೆ?"