ಬ್ಲೇಡು ನೋಡಿದ್ಯೇನಪ್ಪಾ?

ಇವತ್ತು ಬೆಳಿಗ್ಗೆ ಗೆಳೆಯನ ತೋಟಕ್ಕೆ ಹೋಗಿದ್ದೆ. ಟ್ರ್ಯಾಕ್ಟರ್ ಹಿಂದೆ ಚಿಪ್ಪರ್ ಕಟ್ಟಿ ಸವರಿದ ಕೊಂಬೆಗಳನ್ನು ಪುಡಿ ಮಾಡುತ್ತಿದ್ದ. ದೂರದಿಂದಲೇ ಸದ್ದು ಕೇಳಿ ತಲೆ ಕೆಟ್ಟಿತು. ಅದು ಕತ್ತರಿಸುವ ಸದ್ದಲ್ಲ, ಜಜ್ಜುವ ಸದ್ದು. ಚಕ್ಕೆ ಬೀಳಬೇಕಾದ ಕಡೆ ನಾರು ನಾರಾಗಿ ಏನೋ ಬೀಳುತ್ತಿದೆ. ಇಂಜಿನ್ ಏದುಸಿರು ಬಿಡುತ್ತಿದೆ. ಅವನು ಹೇಳಿದ್ದೇನು ಗೊತ್ತಾ? "ಈ ಟ್ರ್ಯಾಕ್ಟರ್ ಸಾಲ್ತಿಲ್ಲ ಕಣೋ, ಜಾಸ್ತಿ ಎಚ್‌ಪಿದು ತಗೋಬೇಕು."

"ಬ್ಲೇಡಿಗೆ ಸಾಣೆ ಯಾವಾಗ ಹಿಡಿಸಿದ್ದೆ?" ಅಂದೆ.

"ತಂದಾಗ ಚೂಪಾಗೇ ಇತ್ತಲ್ಲ."

ನೀನು ಅದನ್ನು ತಂದ ಕಾಲಕ್ಕೆ ನನ್ನ ತಲೆ ಮೇಲೆ ಕೂದಲೂ ಇತ್ತಲ್ಲಪ್ಪಾ!

ಎಲ್ಲರಿಗೂ ಎಚ್‌ಪಿ ಹುಚ್ಚು. ಟ್ರ್ಯಾಕ್ಟರ್ ಹಿಂದೆ ತಿರುಗಿ ಚಿಪ್ಪರನ್ನು ಓಡಿಸೋ ಶಾಫ್ಟ್ ಇದೆಯಲ್ಲ, ಪಿಟಿಒ, ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತೆ, ಅಂದರೆ ಸೆಕೆಂಡಿಗೆ 9. ಅಷ್ಟು ಶಕ್ತಿಯನ್ನು ಮೊಂಡು ಬ್ಲೇಡಿಗೆ ಕೊಟ್ಟರೆ ಅದು ಮರ ಕತ್ತರಿಸಲ್ಲ, ಡೀಸೆಲ್ ಕುಡಿದು ಬಿಸಿ ಆಗುತ್ತೆ ಅಷ್ಟೆ. ಬ್ಲೇಡು ಚೂಪಾಗಿದ್ದರೆ ಕೊಂಬೆಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತೆ. ಮೊಂಡಾದರೆ ನಾವು ತಳ್ಳಬೇಕು. ಮೊದಲು ಕೈಯಲ್ಲಿ ತಳ್ತಾರೆ, ಆಮೇಲೆ ಕಾಲಲ್ಲಿ. ಇವನೂ ಕಾಲೆತ್ತಿದ್ದ, ನಾನು ಕೂಗಿದೆ.

ಹಾಗಾದರೆ ಎಚ್‌ಪಿ ಬೇಡವೇ ಅಂತ ಕೇಳುವವರು ಬಂದೇ ಬರುತ್ತೀರಿ. ಬೇಕು ಸ್ವಾಮಿ. ಇಂಜಿನ್ನಿನ ಎಚ್‌ಪಿ ಪೂರ್ತಿ ಪಿಟಿಒಗೆ ಸಿಗಲ್ಲ, ದಪ್ಪ ದಿಮ್ಮಿಗೆ ದೊಡ್ಡ ಟ್ರ್ಯಾಕ್ಟರೇ ಬೇಕು, ಎಲ್ಲಾ ಸರಿ. ಆದರೆ ಇವನು ಹಾಕುತ್ತಿದ್ದದ್ದು ಮಣಿಕಟ್ಟಿನಷ್ಟು ದಪ್ಪದ ಹಸಿ ಕೊಂಬೆ! ಅದೂ ನೆಲದ ಮೇಲೆ ದರದರ ಎಳೆದು ತಂದದ್ದು. ಸಿಪ್ಪೆಗೆ ಮೆತ್ತಿದ ಮಣ್ಣೇ ಸಾಕು, ಚೂಪು ಹೋಗೋಕೆ. ನಡುವೆ ಒಂದು ಕಲ್ಲು ಸೇರಿದರಂತೂ ಮುಗೀತು.

ಇಷ್ಟೆಲ್ಲ ಬೈಯೋ ನಾನೇನು ಸಾಚಾ ಅಲ್ಲ. ನನ್ನ ಚಿಪ್ಪರಿನ ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತಿತ್ತು. ಭಾರ ಜಾಸ್ತಿಯಾದಾಗ ಮುರಿದು ಉಳಿದದ್ದನ್ನು ಕಾಪಾಡೋದೇ ಅದರ ಕೆಲಸ. ಬುದ್ಧಿವಂತ ನಾನು, ಮುರಿಯದ ಗಟ್ಟಿ ಬೋಲ್ಟ್ ಹಾಕಿದೆ. ಬೋಲ್ಟ್ ಮುರಿಯಲಿಲ್ಲ, ಗೇರಿನ ಹಲ್ಲು ಮುರಿಯಿತು. ಬಿಚ್ಚಿ ನೋಡಿದರೆ ಬ್ಲೇಡು ಚಮಚದ ಅಂಚಿನ ಹಾಗೆ ದುಂಡಗಾಗಿತ್ತು. ಮನೆಯಲ್ಲಿ ಇವತ್ತಿಗೂ ಈ ಕಥೆ ಹೇಳಿಲ್ಲ. ಇಲ್ಲಿ ಓದಿದರೆ ಓದಲಿ.

ಕೊನೆಗೆ ಇವತ್ತು ಇಂಜಿನ್ ನಿಲ್ಲಿಸಿ, ಕೀ ನನ್ನ ಜೇಬಿಗೆ ಹಾಕಿಕೊಂಡೆ. ಇಂಜಿನ್ ನಿಂತರೂ ಒಳಗಿನ ಭಾರದ ಚಕ್ರ ತಿರುಗುತ್ತಲೇ ಇರುತ್ತೆ, ಪೂರ್ತಿ ನಿಲ್ಲೋವರೆಗೂ ಕಾದು ಮುಚ್ಚಳ ತೆಗೆದೆವು. ಒಂದು ಬ್ಲೇಡಿನ ಅಂಚಲ್ಲಿ ಉಗುರಿನಷ್ಟು ಚೂರೇ ಎದ್ದುಹೋಗಿತ್ತು. ಅದೊಂದನ್ನೇ ಅರೆಯೋಣ ಅಂದ. ಎಲ್ಲವನ್ನೂ ಒಂದೇ ಸಮ ಅರೆಯದಿದ್ದರೆ ತೂಕ ಏರುಪೇರಾಗಿ ಮಷೀನ್ ಗಡಗಡ ನಡುಗುತ್ತೆ ಅಂತ ಅದಕ್ಕೂ ಬೈದೆ.

ಬ್ಲೇಡುಗಳು ಈಗ ನನ್ನ ಗಾಡಿಯಲ್ಲಿವೆ, ನಾಳೆ ಸಾಣೆಗೆ. ನಾನು ಹೊರಡುವಾಗ ಅವನು ಮೊಬೈಲಲ್ಲಿ ದೊಡ್ಡ ಟ್ರ್ಯಾಕ್ಟರ್‌ಗಳ ಫೋಟೋ ನೋಡ್ತಾ ಕೂತಿದ್ದ.