ಡಾಲರ್ ಜಾಗದಲ್ಲಿ ರೂಪಾಯಿ

ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಬುದ್ಧಿ ಇದ್ದವರು ಮಲಗುತ್ತಾರೆ. ನಾನು ಫೋಟೊಗಳಿಗೆ ಹೆಸರಿಡುತ್ತಾ ಕೂತಿದ್ದೆ.

ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ತೊಗರಿ ಸೀಸನ್ ಶುರುವಾದರೆ ಸಾಲು ಸಾಲು ಲಾರಿ, ಲಾರಿಗೊಂದು ಕಾಟಾ ಚೀಟಿ, ಅಂದರೆ ತೂಕದ ರಸೀದಿ. ನಮ್ಮ ಶೆಕೆಗೆ ಚೀಟಿಯ ಅಕ್ಷರ ಮಾಸಿ ಹೋಗುತ್ತವೆ ಅಂತ ಒಂದೊಂದರದೂ ಫೋಟೊ ಹೊಡೆದಿಡುತ್ತೇನೆ. ಮಾರ್ಚ್ ಮುಗಿದ ಮೇಲೆ ಆಡಿಟರ್ ಕಡೆಯವರು "ಫೋಟೊಕ್ಕೆಲ್ಲ ನಂಬರ್ ಹಾಕಿ ಕಳಸ್ರಿ" ಅಂದರು. ಎಣಿಸಿದೆ. 411 ಇದ್ದವು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕು ದೊಡ್ಡ ಹೆಸರಾಗಿದೆ. ಅದೇ ತೊಗರಿಯ ನನ್ನ ಚೀಟಿಗಳಿಗೆ ಮಾತ್ರ ಒಂದು ಹೆಸರಿಲ್ಲ. ಐಎಂಜಿ ಅಂತ ಶುರುವಾಗಿ ಮಾರುದ್ದ ಅಂಕಿ, ಅಷ್ಟೇ.

ಮೊದಲ ದಿನ ಕೈಯಲ್ಲೇ ನಲವತ್ತಕ್ಕೆ ಹೆಸರು ಹಾಕಿದೆ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಫೋನ್ ಮಾಡಿದ.

"ಮಾಮಾ, ಏನ್ ಮಾಡ್ಲತ್ತೀರಿ?"

ಹೇಳಿದೆ. ಆ ಕಡೆ ನಗು ತಡೆದುಕೊಳ್ಳುವ ಸದ್ದು ಬಂತು.

"ಅದು ಒಂದೇ ಸಾಲಿನ ಕೆಲ್ಸ ಮಾಮಾ. ಟರ್ಮಕ್ಸ್ ಹಾಕೋರಿ."

ಟರ್ಮಕ್ಸ್ ಅಂದರೆ ಫೋನಿನಲ್ಲೇ ಕಮಾಂಡ್ ಬರೆದು ಕೆಲಸ ಮಾಡಿಸುವ ಆ್ಯಪ್. ಆಂಡ್ರಾಯ್ಡ್ ಫೋನಿನ ಹೊಟ್ಟೆಯೊಳಗೆ ಇರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮೇ, ಅದಕ್ಕೇ ಇದು ಸಲೀಸಾಗಿ ನಡೆಯುತ್ತದೆ ಅಂತ ಅಳಿಯ ವಿವರಿಸಿದ. ಲಿನಸ್ ಟೊರ್ವಾಲ್ಡ್ಸ್ ಎಂಬ ಹುಡುಗ ಅದನ್ನು ಶುರು ಮಾಡಿದ್ದು 1991ರಲ್ಲಿ, ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅಂತೆ. ಆ ವರ್ಷ ನಾನು ಎಸ್ಸೆಸ್ಸೆಲ್ಸಿ ಗಣಿತದ ಪೇಪರ್ ಮುಂದೆ ಕೂತು ಫ್ಯಾನ್ ನೋಡುತ್ತಿದ್ದೆ. ಅದೂ ತಿರುಗುತ್ತಿರಲಿಲ್ಲ.

ಎಫ್-ಡ್ರಾಯ್ಡ್ ಅನ್ನೋ ಕಡೆಯಿಂದ ಆ್ಯಪ್ ಇಳಿಸಿಕೊಂಡು ತೆರೆದೆ. ಕಪ್ಪು ಪರದೆ, ಒಂದು ಡಾಲರ್ ಗುರುತು, ಪಕ್ಕದಲ್ಲಿ ಮಿಣಿಮಿಣಿ ಅನ್ನುವ ಚೌಕ. ಬಟನ್ ಇಲ್ಲ, ಚಿತ್ರ ಇಲ್ಲ, ಹಿಂದೆ ಹೋಗುವ ಬಾಣವೂ ಇಲ್ಲ. ರಾತ್ರಿ ಕರೆಂಟ್ ಹೋದಾಗ ನಮ್ಮ ಓಣಿ ಹೀಗೇ ಕಾಣುತ್ತದೆ.

ಫೋಲ್ಡರ್‌ನಲ್ಲಿ ಏನಿದೆ ನೋಡಲು 'ಎಲ್‌ಎಸ್' ಅಂತ ಬರೆಯಬೇಕು. ಬರೆದೆ. ಅಂಥ ಕಮಾಂಡ್ ಇಲ್ಲ, ನೀವು ಹೇಳಿದ್ದು ಇದೋ ಅದೋ ಅಂತ ಕೇಳಿತು. ನನ್ನ ತಪ್ಪು ಏನಪ್ಪಾ ಅಂದರೆ, ಎಲ್ ಅನ್ನು ದೊಡ್ಡಕ್ಷರದಲ್ಲಿ ಬರೆದಿದ್ದೆ. ಇಂಗ್ಲಿಷ್ ಬರೆಯುವಾಗ ಮೊದಲಕ್ಷರ ದೊಡ್ಡದಿರಬೇಕು ಅಂತ ನಮ್ಮ ಮಾಸ್ತರು ಬೆತ್ತ ಹಿಡಿದು ಕಲಿಸಿದ್ದರು. ಅವರ ಒಂದೇ ಒಂದು ಪಾಠ ನನ್ನ ನೆನಪಿನಲ್ಲಿ ಉಳಿದಿತ್ತು. ಅದೂ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಸಣ್ಣಕ್ಷರದಲ್ಲಿ ಬರೆದೆ. ಈ ಸಲ ಏನೂ ತೋರಿಸಲಿಲ್ಲ. ಫೋಟೊ ಎಲ್ಲಾ ಹೋದವು ಅಂತ ಎದೆ ಧಸಕ್ ಅಂತು. ಹಾಗೇನಿಲ್ಲ, ಆ್ಯಪ್ ಇರುವುದು ತನ್ನ ಕೋಣೆಯಲ್ಲಿ, ನಮ್ಮ ಫೋಟೊ ಇರುವುದು ಪಡಸಾಲೆಯಲ್ಲಿ. ನಡುವಿನ ಬಾಗಿಲು ತೆಗೆಯಲು 'ಟರ್ಮಕ್ಸ್-ಸೆಟಪ್-ಸ್ಟೋರೇಜ್' ಅಂತ ಬರೆದು ಅನುಮತಿ ಕೊಡಬೇಕು.

ಅದಕ್ಕೂ ಮೊದಲು ಎಲ್ಲ ಅಪ್‌ಗ್ರೇಡ್ ಮಾಡಿಕೊಳ್ಳಿ ಅಂದಿದ್ದ ಅಳಿಯ. "ನಡುವ ಕೇಳ್ತದ ಮಾಮಾ, ಯೆಸ್ ಅನ್ರಿ." ಕೇಳಿತು, ವೈ ಒತ್ತಿದೆ. ಇಂಗ್ಲಿಷ್ ಸಾಲುಗಳು ಸರಸರ ಓಡಿದವು. ನಾನು ಒಳಗೆ ಹೋಗಿ ಮಜ್ಜಿಗೆ ಕುಡಿದು ಬಂದೆ. ಬಂದಾಗ ಓಟ ನಿಂತು ಚೌಕ ಮಿಣುಕುತ್ತಿತ್ತು. ಮತ್ತೆ ಕೇಳುತ್ತಿದೆ ಪಾಪ ಅಂದುಕೊಂಡು, ಈ ಸಲ ಪೂರ್ತಿಯಾಗಿ ವೈ, ಇ, ಎಸ್ ಅಂತ ಬರೆದು ಎಂಟರ್ ಒತ್ತಿದೆ.

ಲಿನಕ್ಸ್‌ನಲ್ಲಿ 'ಯೆಸ್' ಅನ್ನೋದೇ ಒಂದು ಕಮಾಂಡ್. ನೀವು ಸಾಕು ಅನ್ನುವವರೆಗೆ ಸಾಲಿಗೊಂದು ವೈ ಬರೆಯುತ್ತಾ ಹೋಗುವುದು ಅದರ ಕೆಲಸ. ಇಂಥ ಕಮಾಂಡ್ ಯಾಕೆ ಮಾಡಿದರು ಅಂದರೆ, ಪದೇ ಪದೇ 'ಹೌದಾ, ಹೌದಾ' ಅಂತ ಕೇಳುವ ಇನ್ನೊಂದು ಕಮಾಂಡ್‌ಗೆ ಇದರ ಬಾಯಿಂದ ಉತ್ತರ ಹೇಳಿಸುವುದಕ್ಕೆ. ನಮ್ಮ ಆಫೀಸಿನಲ್ಲಿ ಆ ಕೆಲಸಕ್ಕೆ ನಾನಿದ್ದೇನೆ.

ಪರದೆ ತುಂಬ ವೈ. ನಿಲ್ಲುತ್ತಲೇ ಇಲ್ಲ. ಹೊರಗೆ 42 ಡಿಗ್ರಿ, ಕೈಯಲ್ಲಿ ಫೋನು ರೊಟ್ಟಿ ಹಂಚಿನ ಹಾಗೆ ಕಾಯತೊಡಗಿತು. ಹೆಂಡತಿಯ ಫೋನಿನಿಂದ ಅಳಿಯನಿಗೆ ಹಚ್ಚಿದೆ.

"ಕಂಟ್ರೋಲ್ ಸಿ ಒತ್ರಿ ಮಾಮಾ."

"ಫೋನಿನಾಗ ಕಂಟ್ರೋಲ್ ಎಲ್ಲಿ ಅದನೋ?"

"ಸೌಂಡ್ ಕಡಿಮಿ ಮಾಡೋ ಬಟನ್ ಹಿಡದು ಸಿ ಒತ್ರಿ."

ಚ್ಯಾಷ್ಟಿ ಮಾಡುತ್ತಿದ್ದಾನೆ ಅನ್ನಿಸಿತು. ಆದರೂ ಒತ್ತಿದೆ. ನಿಂತಿತು! ಕೀಬೋರ್ಡಿನ ತಲೆ ಮೇಲಿದ್ದ ಪಟ್ಟಿಯಲ್ಲೂ ಕಂಟ್ರೋಲ್ ಅಂತ ಬರೆದೇ ಇತ್ತು. ಅದನ್ನು ನಾನು ಅಲಂಕಾರ ಅಂದುಕೊಂಡಿದ್ದೆ.

ಮರುದಿನ ಅಳಿಯ ಆ 'ಒಂದೇ ಸಾಲು' ಕಳಿಸಿದ. ತನ್ನ ಲ್ಯಾಪ್‌ಟಾಪ್ ಪರದೆಯ ಫೋಟೊ ಹೊಡೆದು ಕಳಿಸಿದ್ದರಿಂದ ನಾನೇ ನೋಡಿ ನೋಡಿ ಬರೆಯಬೇಕಾಯಿತು. ಅರ್ಥ ಇಷ್ಟೇ: ಒಂದೊಂದೇ ಫೋಟೊ ತಗೋ, ಅದಕ್ಕೆ ಚೀಟಿ-1, ಚೀಟಿ-2 ಅಂತ ಹೆಸರಿಡು, ಅಂಕಿ ಒಂದೊಂದು ಏರಿಸು. ಅದರಲ್ಲಿ ಮೂರು ಕಡೆ ಡಾಲರ್ ಗುರುತು. ನನ್ನ ಕೀಬೋರ್ಡಿನಲ್ಲಿ ಆ ಜಾಗದಲ್ಲಿ ರೂಪಾಯಿ ಇದೆ. ರೂಪಾಯಿಯನ್ನು ಒತ್ತಿ ಹಿಡಿದರೆ ಡಾಲರ್ ಏಳುತ್ತದೆ. ಮೊದಲನೆಯದಕ್ಕೆ ಒತ್ತಿ ಹಿಡಿದೆ, ಬಂತು. ಎರಡನೆಯದಕ್ಕೆ ಬೆರಳು ಬೆವತು ಜಾರಿ ರೂಪಾಯಿಯೇ ಬಿತ್ತು. ನೋಡಿದೆ. ಸುಳ್ಳು ಯಾಕೆ ಹೇಳಲಿ, ಕಣ್ಣಾರೆ ನೋಡಿದೆ. ಡಾಲರ್ ನಡೆಯುವ ಕಡೆ ನಮ್ಮ ರೂಪಾಯಿ ನಡೆಯಲ್ವಾ ಅಂದುಕೊಂಡು ಮುಂದೆ ಹೋದೆ. ಮೂರನೆಯದು ಮತ್ತೆ ಡಾಲರ್ರೇ ಬಂತು.

ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆಯ್ತು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಕೆಲಸ ಸರಿಯಾಗಿ ಆದರೆ ಸುಮ್ಮನಿರುವುದು ಇದರ ಜಾತಿ ಗುಣ ಅಂತ ಅಳಿಯ ಹೇಳಿದ್ದ. ಖುಷಿಯಿಂದ ಎಲ್‌ಎಸ್ ಅಂದೆ. ಸಣ್ಣಕ್ಷರದಲ್ಲೇ.

ಫೋಲ್ಡರ್‌ನಲ್ಲಿ ಒಂದೇ ಒಂದು ಫೋಟೊ ಇತ್ತು. ಹೆಸರು ಚೀಟಿ-₹ಎನ್.

"ಡಾಲರ್ ಇದ್ರ ಎನ್ ಜಾಗದಾಗ ಅಂಕಿ ಕೂಡ್ತದ ಮಾಮಾ. ರೂಪಾಯಿ ಇದ್ರ ಅದು ಬರೇ ಅಕ್ಷರ," ಅಂದ ಅಳಿಯ, ದನಿ ಸಣ್ಣ ಮಾಡಿ. ಅಂದರೆ ಎಲ್ಲ ಫೋಟೊಗಳಿಗೂ ಒಂದೇ ಹೆಸರು ಸಿಕ್ಕಿತ್ತು. ಒಂದರ ಮೇಲೊಂದು ಬಿದ್ದು, ಹಿಂದಿನದನ್ನು ಮುಂದಿನದು ನುಂಗುತ್ತಾ ಹೋಗಿತ್ತು. ಆ ಸಾಲಿನಲ್ಲಿ ಹೆಸರು ಬದಲಿಸುವ ಕಮಾಂಡ್ 'ಎಂವಿ'. ಅದರ ಪಕ್ಕ ಒಂದು ಅಡ್ಡಗೆರೆ, ಒಂದು ಐ ಹಾಕಿದ್ದರೆ ನುಂಗುವ ಮುಂಚೆ ಕೇಳುತ್ತಿತ್ತಂತೆ. ಮೂರನೆಯದೂ ರೂಪಾಯಿ ಆಗಿದ್ದರೆ ಅದರ ಮುಂದಿದ್ದ ಕಂಸ (ಬ್ರಾಕೆಟ್) ನೋಡಿ ಗಲಿಬಿಲಿಯಾಗಿ ಏನೂ ಮಾಡದೆ ನಿಲ್ಲುತ್ತಿತ್ತಂತೆ. ಪೂರ್ತಿ ತಪ್ಪು ಬರೆದಿದ್ದರೆ ಬಚಾವಾಗುತ್ತಿದ್ದೆ. ಮೂರರಲ್ಲಿ ಎರಡು ಸರಿ ಬರೆದು ಕೆಟ್ಟೆ.

ಇಲ್ಲಿ ಅಳಿಸಿದ್ದು ಗ್ಯಾಲರಿಯ ಕಸದ ಬುಟ್ಟಿಗೂ ಹೋಗುವುದಿಲ್ಲ. ಬ್ಯಾಕಪ್ ಜಾಗ ತುಂಬಿ ಎರಡು ವರ್ಷವಾಗಿತ್ತು. ಪುಣ್ಯಕ್ಕೆ ಕಾಗದದ ಚೀಟಿಗಳು ಮಿಲ್‌ನಲ್ಲಿ ತಂತಿಗೆ ಚುಚ್ಚಿಕೊಂಡೇ ಇದ್ದವು. ಮೂರು ಸಂಜೆ ಕೂತು, ಮಾಸಿದವನ್ನು ಬೆಳಕಿಗೆ ಹಿಡಿದು, 411ನ್ನೂ ಮತ್ತೆ ಹೊಡೆದೆ. ಸಾಹುಕಾರರು "ಏನ್ರಿ, ಚೀಟಿಗಿ ಲಗ್ನದ ಫೋಟೊ ಹೊಡ್ದಂಗ ಹೊಡೀಲತ್ತೀರಲ್ಲ" ಅಂದರು.

ಉಳಿದ ಆ ಒಂದು ಫೋಟೊ ಯಾವುದು ಅಂತ ಹೇಳಲಿಲ್ಲ ಅಲ್ವಾ? ಈ ಕೆಲಸ ಹೆಸರಿನ ಕ್ರಮದಲ್ಲಿ ನಡೆಯುತ್ತದೆ. ಕ್ಯಾಮೆರಾ ಕೊಡುವ ಹೆಸರಿನಲ್ಲಿ ತಾರೀಖು ಇರುತ್ತದೆ. ಹಾಗಾಗಿ ಎಲ್ಲಕ್ಕಿಂತ ಈಚೆಗೆ ಹೊಡೆದದ್ದು ಕೊನೆಗೆ ಬಂದು ಉಳಿಯುತ್ತದೆ. ಚೀಟಿಗಳನ್ನು ಆರಿಸಿ ಬೇರೆ ಫೋಲ್ಡರ್‌ಗೆ ಹಾಕುವಾಗ ಕೈತಪ್ಪಿ ಅದೂ ಸೇರಿತ್ತು. ಹಲ್ಲು ಮುರಿದ ಮಿಕ್ಸರ್ ಕಪ್ಲರ್ ಅದು. ನಮ್ಮೂರ ಪೇಟೆ ಸೂಪರ್ ಮಾರ್ಕೆಟ್‌ಗೆ ಹೋದಾಗ ಇಂಥದ್ದೇ ತನ್ನಿ ಅಂತ ಹೆಂಡತಿ ಹೊಡೆಸಿದ್ದ ಫೋಟೊ. ಎಂಟು ದಿನದಿಂದ ಶೇಂಗಾ ಹಿಂಡಿ ಒರಳಲ್ಲಿ ಕುಟ್ಟುತ್ತಿದ್ದಳು.

ಅವಳು ಫೋನ್ ಇಸಿದುಕೊಂಡು ನೋಡಿದಳು. "ನೋಡ್ರಿ, ಫೋನಿಗೂ ತಿಳೀತದ ಯಾವ ಕೆಲ್ಸ ಮದ್ಲ ಅಂತ."

ಅಂದೇ ಸಂಜೆ ಸೂಪರ್ ಮಾರ್ಕೆಟ್‌ಗೆ ಹೋದೆ. ಅಂಗಡಿಯವನು ಫೋಟೊ ಹಿಗ್ಗಿಸಿ ನೋಡಿ ಡಬ್ಬದಿಂದ ಒಂದು ಕಪ್ಲರ್ ತೆಗೆದು ಕೌಂಟರ್ ಮೇಲಿಟ್ಟ. ಅರವತ್ತು ರೂಪಾಯಿ ಅಂದ. ಅಲ್ಲಿ ರೂಪಾಯಿ ನಡೆಯಿತು.