ಪೆಂಗ್ವಿನ್ ದಡಕ್ಕೆ ಬರುವ ಹೊತ್ತು

ಬಸ್ ಹೊರಡುವ ಮೊದಲು ನಮ್ಮ ಡ್ರೈವರ್ ಟಾರ್ಚ್ ಹಿಡಿದು ಕೆಳಗಿಳಿದರು. ಮಂಡಿಯೂರಿ, ಒಂದೊಂದೇ ಚಕ್ರದ ಹಿಂದೆ ಮುಂದೆ ಬಗ್ಗಿ ನೋಡಿದರು. ಏನು ಕೆಟ್ಟಿತೋ ಅಂದುಕೊಂಡೆ. ಏನೂ ಕೆಟ್ಟಿರಲಿಲ್ಲ. ಗಾಡಿಯ ಕೆಳಗೆ ಪೆಂಗ್ವಿನ್ ಸೇರಿಕೊಂಡಿದೆಯಾ ಅಂತ ನೋಡುತ್ತಿದ್ದರು. ಪಾರ್ಕಿಂಗಿನಲ್ಲಿ ಅದಕ್ಕೊಂದು ಬೋರ್ಡೇ ಇದೆ.

ಇದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಸುಮಾರು ಎರಡು ಗಂಟೆ ದೂರದ ಫಿಲಿಪ್ ದ್ವೀಪ. ಊರಿಂದ ಅಮ್ಮ ಬಂದಿದ್ದರು, ಹಾಗಾಗಿ ಗೈಡ್ ಇರುವ ಒಂದು ದಿನದ ಪ್ರವಾಸಕ್ಕೆ ಹೋಗಿದ್ದೆವು. ಸ್ಯಾನ್ ರೆಮೊ ಸೇತುವೆ ದಾಟಿ, ನಾಬೀಸ್ ಅನ್ನುವ ತುದಿಗೆ ಬಂದರೆ ಕಪ್ಪು ಬಂಡೆಗಳ ಮೇಲೆ ಅಲೆ ಸಿಡಿಯುತ್ತಿತ್ತು. ಅಲ್ಲಿಂದಾಚೆ, ಕಡಲ ಮಧ್ಯದ ಸೀಲ್ ರಾಕ್ಸ್ ಅನ್ನುವ ಬಂಡೆಗಳಲ್ಲಿ ಸೀಲ್ ಅನ್ನುವ ಕಡಲ ಪ್ರಾಣಿಗಳ ದೊಡ್ಡ ಹಿಂಡೇ ಇದೆ. ಬರಿಗಣ್ಣಿಗೆ ಚುಕ್ಕೆಗಳಷ್ಟೇ. ಹತ್ತಿರ ಕರೆದುಕೊಂಡು ಹೋಗಿ ಅಂತ ಯಾರೂ ಗೈಡಿಗೆ ದುಂಬಾಲು ಬೀಳಲಿಲ್ಲ.

ಕತ್ತಲಾಗುವ ಮೊದಲು ಸಮ್ಮರ್‌ಲ್ಯಾಂಡ್ ದಡದ ಮೆಟ್ಟಿಲುಗಳ ಮೇಲೆ ಕೂತೆವು. ಫೋನು, ಕ್ಯಾಮೆರಾ ಎಲ್ಲ ಒಳಗಿಡಬೇಕು. ಬೆಳಕು ಬಿದ್ದರೆ ಪೆಂಗ್ವಿನ್‌ಗಳು ಹೆದರುತ್ತವೆ, ದಾರಿ ತಪ್ಪುತ್ತವೆ. "ಇಷ್ಟು ದೂರ ಬಂದು ಒಂದು ಫೋಟೋನೂ ಇಲ್ವೇನೋ?" ಅಂದರು ಅಮ್ಮ. ನನಗೂ ಸ್ವಲ್ಪ ಬೇಜಾರಾಯಿತು. ಆದರೆ ಅಷ್ಟೂ ಜನ, ಮಕ್ಕಳು ಸೇರಿ, ಸುಮ್ಮನೆ ಕೂತಿದ್ದರು. ಸೂರ್ಯ ಮುಳುಗಿದ ಮೇಲೆ ನೊರೆಯಲ್ಲಿ ಏನೋ ಅಲುಗಾಡಿತು. ಒಂದಡಿ ಎತ್ತರದ ಹಕ್ಕಿಗಳು ಗುಂಪಾಗಿ ನಿಂತು, ಹದ್ದಿನ ಭಯವಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮರಳು ದಾಟಿ ಓಡಿದವು. ಒಂದು ಗುಂಪು ಅರ್ಧ ದಾರಿಗೆ ಬಂದು ಹೆದರಿ ವಾಪಸ್ ನೀರಿಗೆ ಹೋಯಿತು. ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಆಮೇಲೆ ಫೋಟೋದ ಮಾತೇ ಇಲ್ಲ.

ನನಗೆ ನೆನಪಾಗಿದ್ದು ಕಾರವಾರದ ಕಡೆ ಡಾಲ್ಫಿನ್ ನೋಡಲು ಹೋದದ್ದು. ಅದೂ ಚಂದದ ಕಡಲೇ. ಕಾಳಿ ನದಿ ಸಮುದ್ರ ಸೇರುವ ಜಾಗ, ಹಸಿರು ಗುಡ್ಡ, ದ್ವೀಪಗಳು. ಒಂದು ಬೆನ್ನು ಕಂಡಿದ್ದೇ ತಡ, ಮೂರು ಕಡೆಯಿಂದ ದೋಣಿಗಳು ನುಗ್ಗಿದವು. ಶಿಳ್ಳೆ, ಕೂಗು, "ಅಣ್ಣಾ, ಇನ್ನೂ ಹತ್ರ ಬಿಡಿ!" ದೋಣಿಯವರು ಏನು ಮಾಡುತ್ತಾರೆ? ಹತ್ತಿರ ಬಿಡದಿದ್ದರೆ ದುಡ್ಡು ದಂಡ ಅಂತ ಗೊಣಗುವವರು ನಾವೇ. ಡಾಲ್ಫಿನ್ ಮತ್ತೆ ಮೇಲೆ ಬರಲಿಲ್ಲ. ವಾಪಸ್ ಬರುವಾಗ ಎಲ್ಲರೂ ಫೋನಿನಲ್ಲಿ ಅದೇ ಬೆನ್ನನ್ನು ದೊಡ್ಡದು ಮಾಡಿ ನೋಡುತ್ತಿದ್ದರು.

ಇದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ. ನಮಗೆ ಪ್ರಾಣಿಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ದೂರದಲ್ಲಿ ನಿಂತು ನೋಡುವುದು ನಮ್ಮಿಂದಾಗುವುದಿಲ್ಲ. ಕಂಡದ್ದು ಫೋನಿಗೆ ಬರಬೇಕು, ಫೋನಿಗೆ ಬಂದದ್ದು ಊರಿಗೆಲ್ಲ ಹೋಗಬೇಕು. ಇಲ್ಲಿ ಆ ಆಸೆಗೆ ಒಂದು ಗೆರೆ ಎಳೆದಿದ್ದಾರೆ, ಜನ ಅದನ್ನು ಒಪ್ಪಿದ್ದಾರೆ.

ದಂಡದ ಭಯದಿಂದ ಒಪ್ಪಿದ್ದಾರೆ ಅನ್ನುವವರಿಗೆ ಸಮ್ಮರ್‌ಲ್ಯಾಂಡಿನ ಕಥೆ ಹೇಳಬೇಕು. ಈ ದಡದ ಹಿಂದೆಯೇ ಒಂದು ಬಡಾವಣೆ ಇತ್ತು. ಮನೆ, ರಸ್ತೆ, ಕಾರು, ನಾಯಿ ಎಲ್ಲ ಸೇರಿ ಪೆಂಗ್ವಿನ್‌ಗಳು ಕಡಿಮೆಯಾಗುತ್ತಾ ಬಂದವು. 1985ರಲ್ಲಿ ಇಲ್ಲಿನ ವಿಕ್ಟೋರಿಯಾ ರಾಜ್ಯ ಸರ್ಕಾರ ಇಡೀ ಬಡಾವಣೆಯನ್ನೇ ಕೊಂಡು ತೆರವು ಮಾಡಲು ನಿರ್ಧರಿಸಿತು. ಮುಗಿದದ್ದು 2010ರಲ್ಲಿ. ಮನೆಗಳಿದ್ದ ನೆಲದಲ್ಲಿ ಈಗ ಹಕ್ಕಿಗಳು ಗೂಡು ಮಾಡುತ್ತವೆ. ನಮ್ಮ ಕಡೆ ಕಡಲಾಮೆ ಮೊಟ್ಟೆ ಇಡುವ ಮರಳಿನ ಪಕ್ಕದಲ್ಲೇ ಹೊನ್ನಾವರದ ಟೊಂಕದಲ್ಲಿ ಬಂದರು ಬೇಕು ಅನ್ನುತ್ತೇವೆ, ಬೀಚಿಗೆ ರಾತ್ರಿಯಿಡೀ ಫ್ಲಡ್‌ಲೈಟ್ ಹಾಕಿ ಅಭಿವೃದ್ಧಿ ಅನ್ನುತ್ತೇವೆ. ಮೊಟ್ಟೆಯೊಡೆದು ಬಂದ ಮರಿ ಬೆಳಕು ಕಂಡ ಕಡೆ ತೆವಳುತ್ತದೆ. ಕಡಲಿಗಿಂತ ದೀಪ ಬೆಳಗಿದ್ದರೆ ಅದು ರಸ್ತೆಗೇ ಬರುತ್ತದೆ.

ಹಾಗಂತ ಇಲ್ಲಿಯದೆಲ್ಲ ಚಿನ್ನ ಅಲ್ಲ. ಟಿಕೆಟ್ ದುಬಾರಿ. ಹೊರಗೆ ಬರುವ ದಾರಿಯಲ್ಲಿ ಗೊಂಬೆ ಪೆಂಗ್ವಿನ್‌ಗಳ ಅಂಗಡಿ. ದುಡ್ಡಿಲ್ಲದವರಿಗೆ ಈ ದಡದಲ್ಲಿ ಜಾಗವಿಲ್ಲ. ಮೊದಲು ಮನೆ ಕಟ್ಟಿ, ದ್ವೀಪದ ಬೇರೆ ಕಡೆಯ ಪೆಂಗ್ವಿನ್ ಗುಂಪುಗಳು ಅಳಿದ ಮೇಲೆ ಇವರಿಗೂ ಬುದ್ಧಿ ಬಂದದ್ದು.

ಅಮ್ಮ ಬಸ್ಸಿನಲ್ಲಿ ಇನ್ನೊಂದು ಮಾತು ನೆನಪಿಸಿದರು. ಒಪ್ಪದೆ ವಿಧಿಯಿಲ್ಲ. ಊರಲ್ಲಿ ಬಲೆಗೆ ಆಮೆ ಸಿಕ್ಕಿದರೆ ನಮ್ಮ ಪರಿಚಯದ ಮೀನುಗಾರರು ಬಲೆ ಕೊಯ್ದು ಬಿಡುತ್ತಾರೆ. ಸಾವಿರಾರು ರೂಪಾಯಿಯ ಬಲೆ. ಗೂಡು ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ನಾಯಿ ಬರದ ಹಾಗೆ ಸುತ್ತ ಬೇಲಿ ಕಟ್ಟಿ, ಮರಿ ಹೊರಬರುವವರೆಗೆ ಸರದಿಯಲ್ಲಿ ಕಾಯುತ್ತಾರೆ. ಅದಕ್ಕೆ ಟಿಕೆಟ್ ಇಲ್ಲ, ಬೋರ್ಡೂ ಇಲ್ಲ. ಅವರು ಕಾಯುವಾಗ ಫ್ಲಡ್‌ಲೈಟ್ ಆರಿಸುವುದು ಮಾತ್ರ ಪಂಚಾಯಿತಿಯ ಕೈಯಲ್ಲಿದೆ.